ಅಂಗೈಯ ಅಂಕಿ

ಈ ಕೆಲಸದಲ್ಲಿ ಮೊದಲು ಕೈಕೊಡುವುದು ಮಂಡಿ. ಆಮೇಲೆ ಸೊಂಟ. ಕಣ್ಣಿನ ಸರದಿ ಎಲ್ಲಕ್ಕಿಂತ ಕೊನೆಗೆ ಎಂದು ನಾನು ತಿಳಿದಿದ್ದೆ. ಹನ್ನೆರಡು ವರ್ಷ, ವರ್ಷಕ್ಕೆ ಏಳು ತಿಂಗಳು ಗುಡ್ಡದ ಇಳಿಜಾರಿನಲ್ಲಿ ಹುಲ್ಲು ಅಳೆದವಳಿಗೆ ಇಷ್ಟು ಹೇಳುವ ಹಕ್ಕಾದರೂ ಇರಬೇಕು. ಹುಲ್ಲು ಅಳೆಯುತ್ತೇನೆ ಎಂದರೆ ಜನ ನಗುತ್ತಾರೆ. ನಗಲಿ. ಕಚೇರಿಯ ಕಾಗದದಲ್ಲಿ ಅದಕ್ಕೆ ಸ್ಥಳೀಯ ಸಸ್ಯ ಸಮೀಕ್ಷೆ ಎಂಬ ಗಂಭೀರವಾದ ಹೆಸರಿದೆ, ನನಗೆ ಸಸ್ಯತಜ್ಞೆ ಎಂಬ ಪದವಿಯೂ ಇದೆ. ಆದರೆ ಆ ಪದವಿ ಹುಲ್ಲು ಚಿಗುರಿದಾಗ ಬಂದು ಹುಲ್ಲು ಒಣಗಿದಾಗ ಹೊರಟುಹೋಗುತ್ತದೆ. ಉಳಿದ ಐದು ತಿಂಗಳು ನಾನು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಗದದ ದಾರಿ ಕಾಯುವ ಅಕ್ಕನ ತಂಗಿ, ಅಷ್ಟೆ.

ನನ್ನನ್ನು ಈ ಕೆಲಸಕ್ಕೆ ಎಳೆದು ತಂದವರು ಭಾವ, ಅಂದರೆ ಅಕ್ಕನ ಗಂಡ. ಅವರು ನನಗಿಂತ ಹದಿನೈದು ವರ್ಷ ಮೊದಲೇ ಗುಡ್ಡ ಹತ್ತಿದವರು. “ನಿನ್ನ ತಂಗೀನ ಗಂಡನ ಮನೆಗೆ ಕಳಿಸೋಕಂತೂ ಆಗ್ಲಿಲ್ಲ, ಗುಡ್ಡಕ್ಕಾದ್ರೂ ಕಳಿಸ್ತೀನಿ ಬಿಡು” ಎಂದು ಅಕ್ಕನಿಗೆ ಹೇಳಿ ನನ್ನನ್ನು ಕರೆದುಕೊಂಡು ಹೋಗಿದ್ದರು. ಆಗ ನನಗೆ ಮೂವತ್ತಾರು. ಭಾವ ಒಂದು ಹುಲ್ಲಿನ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, “ಕಣ್ಣು ಮುಚ್ಚು. ಗಿಣ್ಣು ಮುಟ್ಟು. ಏನು ಸಿಗ್ತು?” ಎಂದಿದ್ದರು. ಗಿಣ್ಣಿನ ಸುತ್ತ ಮೆತ್ತನೆಯ ರೋಮ ಇತ್ತು. “ಇದು ನಮ್ದು. ರೋಮ ಇಲ್ದೆ ನುಣ್ಣಗಿದ್ರೆ ಅದು ಬಾಡಿಗೆದಾರ.” ನನ್ನ ಪಾಠ ಅಷ್ಟರಿಂದ ಶುರುವಾಯಿತು.

ನಮ್ಮದಕ್ಕೆ ನಾವು ಕೆಂಗಿಣ್ಣು ಎನ್ನುತ್ತೇವೆ, ಬುಡದಲ್ಲಿ, ಗಿಣ್ಣಿನಲ್ಲಿ ಸ್ವಲ್ಪ ಕೆಂಪು ಇರುವುದರಿಂದ. ಆ ಇಳಿಜಾರಿನಲ್ಲಿ ಯಾವ ಕಾಲದಿಂದಲೋ ಬೆಳೆದುಕೊಂಡು ಬಂದ ಹುಲ್ಲು ಅದು. ಬಾಡಿಗೆದಾರ ಹೊರಗಿನಿಂದ ಬಂದದ್ದು, ಯಾರ ಬೂಟಿಗೋ ಲಾರಿಯ ಚಕ್ರಕ್ಕೋ ಅಂಟಿಕೊಂಡು. ಮೂಲೆಯಲ್ಲಿ ಒಂದಿಷ್ಟು ಜಾಗ ಕೇಳಿಕೊಂಡು ಬಂದು ಇಡೀ ಮನೆ ಹಿಡಿಯುವ ಜಾತಿ. ಹೂ ಬಿಡುವ ತನಕ ಎರಡೂ ಒಂದೇ ಹಸಿರು, ಒಂದೇ ಎತ್ತರ. ನಿಂತು ನೋಡಿದರೆ ಗೊತ್ತಾಗುವುದಿಲ್ಲ. ಬಗ್ಗಬೇಕು.

ಕೆಲಸದ ಕ್ರಮ ಸುಲಭ. ಇಳಿಜಾರಿನಲ್ಲಿ ಇಪ್ಪತ್ತನಾಲ್ಕು ಕಡೆ ಕೆಂಪು ಬಣ್ಣ ಬಳಿದ ಕಬ್ಬಿಣದ ಗೂಟ ಹೊಡೆದಿದ್ದಾರೆ. ಪ್ರತಿ ವರ್ಷ ಅದೇ ಗೂಟಕ್ಕೆ ಪೈಪಿನ ಚೌಕಟ್ಟು ತಾಗಿಸಿ ನೆಲಕ್ಕಿಟ್ಟು, ಆ ಒಂದು ಮೀಟರ್ ಚೌಕದಲ್ಲಿ ನೂರಕ್ಕೆ ಎಷ್ಟು ಪಾಲು ನಮ್ಮದು, ಎಷ್ಟು ಪಾಲು ಬಾಡಿಗೆದಾರನದು ಎಂದು ಕಣ್ಣಳತೆಯಲ್ಲಿ ಹೇಳಬೇಕು. ಒಬ್ಬರ ಕಣ್ಣನ್ನು ನಂಬುವುದಿಲ್ಲವಾದ್ದರಿಂದ ಇಬ್ಬರು ಬೇಕು, ಒಬ್ಬರ ಅಂಕಿ ಇನ್ನೊಬ್ಬರಿಗೆ ಗೊತ್ತಾಗಬಾರದು. ಭಾವ ಅದಕ್ಕೊಂದು ಪದ್ಧತಿ ಮಾಡಿದ್ದರು. ಇಬ್ಬರೂ ಬೆನ್ನು ತಿರುಗಿಸಿ ಎಡ ಅಂಗೈ ಮೇಲೆ ಪೆನ್ನಿನಿಂದ ಅಂಕಿ ಬರೆದು, ಮುಷ್ಟಿ ಮುಚ್ಚಿ, ಎದುರುಬದುರು ನಿಂತು ಒಂದು, ಎರಡು, ಮೂರು ಎಂದು ಒಟ್ಟಿಗೆ ಕೈ ಬಿಚ್ಚುವುದು. ಎರಡೂ ಅಂಕಿಗಳನ್ನು ಗಟ್ಟಿಯಾಗಿ ಓದಿ ಹಾಳೆಗೆ ಇಳಿಸುವುದು ನನ್ನ ಪಾಲಿನ ಕೆಲಸ. ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ನೋಡಬೇಕೆಂದು ನಿಯಮ. ನಮಗೆ ಮತ್ತೆ ನೋಡುವ ಪ್ರಮೇಯ ಬರುತ್ತಲೇ ಇರಲಿಲ್ಲ. ಮೊದಲೆರಡು ವರ್ಷ ಅಷ್ಟಿಷ್ಟು ಹೆಚ್ಚುಕಮ್ಮಿ ಇತ್ತು, ಆಮೇಲೆ ಒಂದೋ ಎರಡೋ, ಆಮೇಲೆ ಅದೂ ಇಲ್ಲ. ಪ್ರತಿ ವರ್ಷ ಕೆಲಸ ಶುರುವಾಗುವ ಮುಂಚೆ ಕಚೇರಿಯಲ್ಲಿ ನಡೆಯುವ ತರಬೇತಿಯಲ್ಲಿ ನಮ್ಮ ಮೇಲಧಿಕಾರಿಣಿ ನಮ್ಮಿಬ್ಬರನ್ನು ಎಬ್ಬಿಸಿ ನಿಲ್ಲಿಸಿ, ಕಣ್ಣು ಹೇಗೆ ಪಳಗಬೇಕು ಅಂತ ಇವರನ್ನ ನೋಡಿ ಕಲೀರಿ ಎನ್ನುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದೆ.

ಈ ಅಂಕಿಗಳಿಂದ ಆಗುವುದೇನು ಎಂದರೆ, ಕೆಂಗಿಣ್ಣು ನಲವತ್ತಕ್ಕಿಂತ ಕೆಳಗೆ ಇಳಿದ ಇಳಿಜಾರಿಗೆ ಮರುವರ್ಷ ಕೀಳುವ ತಂಡ ಬರುತ್ತದೆ. ಮೂವತ್ತು ನಲವತ್ತು ಜನ ಸಾಲಾಗಿ ಕೂತು ಬಾಡಿಗೆದಾರನನ್ನು ಬುಡಸಮೇತ ಕಿತ್ತು ಚೀಲಕ್ಕೆ ತುಂಬುತ್ತಾರೆ. ನಲವತ್ತಕ್ಕಿಂತ ಮೇಲಿದ್ದರೆ ಯಾರೂ ಬರುವುದಿಲ್ಲ. ನಮ್ಮ ಇಳಿಜಾರಿಗೆ ಯಾವತ್ತೂ ತಂಡ ಬಂದಿರಲಿಲ್ಲ. ಅದು ಎಪ್ಪತ್ತೆರಡರಿಂದ ಎಪ್ಪತ್ತಕ್ಕೆ, ಎಪ್ಪತ್ತರಿಂದ ಅರವತ್ತೆಂಟಕ್ಕೆ ಹೀಗೆ ಮೆಲ್ಲಗೆ ಇಳಿಯುತ್ತಾ ಹೋದ ವರ್ಷ ಅರವತ್ತರಲ್ಲಿ ನಿಂತಿತ್ತು. ನಮ್ಮದು ಗಟ್ಟಿ ಇಳಿಜಾರು ಎಂದು ಭಾವ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು.

ಈ ವರ್ಷ ಭಾವನ ಕೊನೆಯ ವರ್ಷ. ವಯಸ್ಸು ಮೀರಿತು, ಇನ್ನು ಕರೆಯುವುದಿಲ್ಲ ಎಂದು ಕಚೇರಿಯವರು ಮೊದಲೇ ಹೇಳಿದ್ದರು. ನಾವು ಎಂದಿನಂತೆ ಟೈರು ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದೆವು. ಬೆಳಿಗ್ಗೆ ಏಳಕ್ಕೇ ಕೆಳಗೆ ಗಾಳಿ ತುಂಬುವ ಮಿಷನ್ನಿನ ಸದ್ದು. ಮಂಚದ ಕೆಳಗೆ ಹಳೆ ಹಾಳೆಗಳ ಟ್ರಂಕು, ಕಿಟಕಿಯ ಸರಳಿಗೆ ನೇತುಹಾಕಿದ ಕಾಲುಚೀಲ, ಅದರ ತುಂಬ ಮುಳ್ಳುಬೀಜ. ಅವನ್ನು ಒಂದೊಂದಾಗಿ ಕಿತ್ತು ತೆಗೆಯುವ ತಾಳ್ಮೆ ನನಗೆ ಮೂರು ವರ್ಷದ ಹಿಂದೆಯೇ ಮುಗಿದಿದೆ. ಚುಚ್ಚಿಕೊಂಡೇ ನಡೆಯುತ್ತೇನೆ. ಮಂಡಿ ನೋವೆಂದು ಭಾವ ಜೀಪು ಓಡಿಸುವುದನ್ನು ಬಿಟ್ಟಿದ್ದರಿಂದ ಅದೂ ನನ್ನ ಕುತ್ತಿಗೆಗೇ ಬಿದ್ದಿತ್ತು. ಪೇಪರ್ ಓದಿ ಹೇಳುವುದೂ ಅಷ್ಟೆ. “ನಿನ್ನ ಗಂಟಲಿಗೆ ಸ್ವಲ್ಪ ವ್ಯಾಯಾಮ ಆಗ್ಲಿ, ಇಲ್ದಿದ್ರೆ ಬೈಯೋಕೆ ಮಾತ್ರ ಬಾಯಿ ತೆಗೀತೀಯ” ಎನ್ನುತ್ತಿದ್ದರು. ನಾನು ಮೂಗು ಮುರಿದು ಓದುತ್ತಿದ್ದೆ.

ಈ ವರ್ಷವೇ ಕಚೇರಿಯವರು ಹೊಸದೊಂದು ಉಪಕರಣ ಕಳಿಸಿದರು. ಎರಡು ಕಾಲಿನ ಮೇಲೆ ನಿಲ್ಲುವ ಒಂದು ಮರದ ಪಟ್ಟಿ, ಅದರಲ್ಲಿ ಹತ್ತು ತೂತು, ಜೊತೆಗೆ ಉದ್ದನೆಯ ಒಂದು ಕಬ್ಬಿಣದ ಸೂಜಿ. ಸೂಜಿಯನ್ನು ತೂತಿನಿಂದ ಇಳಿಬಿಟ್ಟು, ಅದರ ತುದಿ ಮೊದಲು ಯಾವ ಹುಲ್ಲಿಗೆ ತಾಗಿತು ಎಂದು ಗುರುತು ಹಾಕಬೇಕು. ಪಟ್ಟಿಯನ್ನು ಹತ್ತು ಸಲ ಸರಿಸಿದರೆ ನೂರು ಸೂಜಿ. ಪ್ರತಿ ಇಳಿಜಾರಿನಲ್ಲಿ ಒಂದು ಚೌಕವನ್ನಾದರೂ ಕಣ್ಣಳತೆಯ ಜೊತೆಗೆ ಹೀಗೂ ನೋಡಿ ಎಂದು ಆದೇಶ. ಭಾವ ಅದನ್ನು ತಡವಿ ನೋಡಿ, “ಏನಿದು, ಹೊಲಿಗೆ ಮಿಷನ್ನಾ? ನಿಮ್ಮಕ್ಕಂಗೆ ಕೊಡು, ರವಿಕೆ ಹೊಲೀಲಿ” ಎಂದು ಪಕ್ಕಕ್ಕಿಟ್ಟರು.

ಒಂಬತ್ತನೆಯ ಚೌಕದಲ್ಲಿ ಅದನ್ನು ಹೊರಗೆ ತೆಗೆದೆ. ಮೊದಲು ಎಂದಿನ ಹಾಗೆ ಅಂಗೈ ತೋರಿಸಿದೆವು. ನನ್ನದು ಐವತ್ತೆಂಟು, ಅವರದೂ ಐವತ್ತೆಂಟು. “ಐವತ್ತೆಂಟು, ಐವತ್ತೆಂಟು” ಎಂದು ಓದಿದೆ. ಭಾವ ತೃಪ್ತಿಯಿಂದ ತಲೆಯಾಡಿಸಿ, ಮರದ ನೆರಳಿಗೆ ಹೋಗಿ ಕಾಲು ಚಾಚಿ ಕೂತರು. ನಾನು ಗೊಣಗುತ್ತಾ ಮಂಡಿಯೂರಿ ಸೂಜಿ ಇಳಿಬಿಟ್ಟೆ. ಬಾಡಿಗೆದಾರ. ಮತ್ತೆ ಇಳಿಬಿಟ್ಟೆ. ಬಾಡಿಗೆದಾರ. ಮಣ್ಣು. ನಮ್ಮದು. ಬಾಡಿಗೆದಾರ. ಒಂದು ಗಂಟೆ ಹಿಡಿಯಿತು. ಕೂಡಿದರೆ ನೂರಕ್ಕೆ ಮೂವತ್ತನಾಲ್ಕು ನಮ್ಮದು.

ಪಟ್ಟಿ ಸೊಟ್ಟಗಿಟ್ಟಿರಬೇಕು ಎಂದುಕೊಂಡು ಅಡ್ಡಕ್ಕೆ ತಿರುಗಿಸಿ ಇನ್ನೊಮ್ಮೆ ಮಾಡಿದೆ. ಮೂವತ್ತಾರು. ಪಕ್ಕದ ಹತ್ತನೆಯ ಚೌಕಕ್ಕೆ ಹೋಗಿ ಮಾಡಿದೆ. ಇಪ್ಪತ್ತೊಂಬತ್ತು. ಮಂಡಿಯೂರಿದಲ್ಲೇ ಬಗ್ಗಿ ಬುಡ ಬಿಡಿಸಿ ನೋಡಿದೆ. ಅಷ್ಟು ಹತ್ತಿರದಿಂದ ಆ ಹುಲ್ಲನ್ನು ನೋಡಿ ಎಷ್ಟು ವರ್ಷವಾಯಿತು ಎಂದು ನೆನಪಿಸಿಕೊಂಡೆ, ನೆನಪಾಗಲಿಲ್ಲ. ಬಗ್ಗುವುದನ್ನು ನಾವು ಯಾವತ್ತೋ ಬಿಟ್ಟಿದ್ದೆವು. ನಿಂತು ನೋಡುತ್ತಿದ್ದೆವು. ನಿಜ ಹೇಳಬೇಕೆಂದರೆ ನಾನು ನಿಂತೂ ನೋಡುತ್ತಿರಲಿಲ್ಲ. ಬೆನ್ನು ತಿರುಗಿಸಿ ಅಂಗೈ ಮೇಲೆ ಪೆನ್ನು ಇಟ್ಟಾಗ ನನ್ನ ತಲೆಯಲ್ಲಿ ಇರುತ್ತಿದ್ದ ಪ್ರಶ್ನೆ ಹುಲ್ಲು ಎಷ್ಟಿದೆ ಎಂಬುದಲ್ಲ. ಭಾವ ಎಷ್ಟು ಬರೆದಿರಬಹುದು ಎಂಬುದು. ಹೋದ ವರ್ಷ ಇಷ್ಟಿತ್ತು, ಭಾವ ಒಂದೆರಡು ಕಳೆಯುತ್ತಾರೆ, ನಾನೂ ಅಷ್ಟೇ ಕಳೆಯೋಣ. ನನ್ನ ಗುರುವಿನ ಅಂಕಿಗೆ ನನ್ನ ಅಂಕಿ ತಾಳೆಯಾಗಬೇಕು ಎಂಬುದೊಂದೇ ಆಸೆ. ಅದನ್ನೇ ಪಳಗಿದ ಕಣ್ಣು ಎಂದು ಇಷ್ಟು ವರ್ಷ ಬೀಗಿದ್ದೆ. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಮರಳುವಾಗ ಜೀಪಿನಲ್ಲಿ ಭಾವ ಕೇಳಿದರು. “ಏನಂತೆ ನಿನ್ನ ಹೊಲಿಗೆ ಮಿಷನ್ನು?”

“ಇನ್ನೂ ಕೂಡಿಲ್ಲ ಭಾವ” ಎಂದು ಸುಳ್ಳು ಹೇಳಿದೆ.

ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಟ್ರಂಕು ಎಳೆದೆ. ಪ್ರತಿ ವರ್ಷ ಪ್ರತಿ ಚೌಕದ ಒಂದು ಫೋಟೋ ತೆಗೆಯಬೇಕೆಂದು ನಿಯಮವಿದೆ, ಅದೇ ಗೂಟದ ಬುಡಕ್ಕೆ ಕ್ಯಾಮೆರಾ ಇಟ್ಟು, ಅದೇ ದಿಕ್ಕಿಗೆ. ತೆಗೆದು, ಆಯಾ ವರ್ಷದ ಕಡತಕ್ಕೆ ಅಂಟಿಸಿ ಮರೆತುಬಿಡುತ್ತಿದ್ದೆವು. ಒಂಬತ್ತನೆಯ ಚೌಕದ ಹನ್ನೊಂದು ಫೋಟೋ ಕಿತ್ತು ಮಂಚದ ಮೇಲೆ ಸಾಲಾಗಿ ಇಟ್ಟೆ. ಮೊದಲ ಫೋಟೋದಲ್ಲಿ ಹುಲ್ಲಿನ ಬುಡದುದ್ದಕ್ಕೂ ಕೆಂಪು. ಐದನೆಯದರಲ್ಲಿ ಅದು ಅಲ್ಲಲ್ಲಿ ಮಾತ್ರ. ಆರನೆಯದರ ಹೊತ್ತಿಗೆ ಅರ್ಧಕ್ಕಿಂತ ಕಮ್ಮಿ. ಕೊನೆಯದರಲ್ಲಿ ಹುಡುಕಬೇಕು. ಸಾಲಾಗಿ ಇಟ್ಟರೆ ಓದು ಬಾರದವರಿಗೂ ತಿಳಿಯುವಂತಿತ್ತು. ಸಾಲಾಗಿ ಇಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನು.

“ಏನೇ, ಹುಲ್ಲು ಕಾಯ್ದು ಆಯ್ತಾ ಇವತ್ತಿಂದು?”

“ಹ್ಞೂಂ.”

“ಯಾಕೆ ಸಪ್ಪಗಿದೀಯ? ಇಲ್ಕೇಳು, ನಿಮ್ಮ ಆಫೀಸಿನ ಮೇಡಂ ಫೋನ್ ಮಾಡಿದ್ರು. ಕೆಲಸ ಮುಗಿದ ಮೇಲೆ ನಿಮ್ಮ ಭಾವಂಗೆ ಸನ್ಮಾನ ಮಾಡ್ತಾರಂತೆ. ಇಷ್ಟು ವರ್ಷದ ಅಂಕಿ ಎಲ್ಲ ಸೇರಿಸಿ ಪುಸ್ತಕ ತರ್ತಾರಂತೆ, ಅದ್ರಲ್ಲಿ ಅವ್ರ ಹೆಸರು ಹಾಕ್ತಾರಂತೆ. ಅವ್ರಿಗೆ ಹೇಳ್ಬೇಡ. ನಾನು ಹೊಸ ಷರ್ಟು ಹೊಲಿಸಿಟ್ಟಿದೀನಿ.”

“ಒಳ್ಳೇದಾಯ್ತು ಬಿಡಕ್ಕ.”

“ಜೀವಮಾನ ಎಲ್ಲ ಆ ಗುಡ್ಡಕ್ಕೇ ಸುರಿದ್ರು ಕಣೆ. ಕೊನೇ ವರ್ಷ ಏನೂ ಎಡವಟ್ಟಾಗ್ದೆ ಇರೋ ಹಾಗೆ ನೋಡ್ಕೊ.”

ಫೋನಿಟ್ಟು ಹಾಳೆಯ ಮುಂದೆ ಕೂತೆ. ಐವತ್ತೆಂಟನ್ನು ಹಾಗೆಯೇ ಬಿಟ್ಟು ಸೂಜಿಯ ಲೆಕ್ಕವನ್ನೂ ಅದರ ಹತ್ತಿರಕ್ಕೆ ಎಳೆದು ಬರೆದರೆ ಭಾವನಿಗೆ ಸನ್ಮಾನ, ಪುಸ್ತಕ. ಆದರೆ ಕೀಳುವ ತಂಡ ಬರುವುದಿಲ್ಲ, ಇನ್ನು ನಾಲ್ಕೈದು ವರ್ಷದಲ್ಲಿ ಆ ಇಳಿಜಾರಿನಲ್ಲಿ ಕೆಂಗಿಣ್ಣು ಎಂಬುದು ಇರುವುದಿಲ್ಲ. ಮೂವತ್ತನಾಲ್ಕು ಎಂದು ಬರೆದರೆ ತಂಡ ಬರುತ್ತದೆ. ಆದರೆ ಹಳೆಯ ಹಾಳೆಗಳೆಲ್ಲ ಕಸ, ಭಾವನೂ ಕಸ, ನಾನಂತೂ ಸರಿಯೇ ಸರಿ. ಪೆನ್ನು ಮುಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ಕೆಳಗಿನ ಹೋಟೆಲಿನಲ್ಲಿ ಭಾವ ಬಲಗೈಯಲ್ಲಿ ಲೋಟ ಹಿಡಿದು ಟೀ ಕುಡಿಯುತ್ತಿದ್ದರು. ಎಡಗೈ ಮೇಜಿನ ಕೆಳಗಿತ್ತು. ನಾನು ಅದನ್ನು ಗಮನಿಸಿದೆ, ಗಮನಿಸಿಯೂ ಏನೂ ಅನ್ನಿಸಲಿಲ್ಲ.

ಮೋಡ ಕವಿದ ದಿನ. ಹನ್ನೊಂದನೆಯ ಚೌಕಕ್ಕೆ ಪೈಪಿಟ್ಟು ಈ ಸಲ ಮಂಡಿಯೂರಿದೆ. ಮಂಡಿ ಲಟಕ್ಕೆಂದಿತು. ಭೂತಗನ್ನಡಿ ಹಿಡಿದು ಮೂಲೆಯಿಂದ ಮೂಲೆಗೆ ಗಿಣ್ಣು ನೋಡುತ್ತಾ ಹೋದೆ. ಭಾವ ಎಷ್ಟು ಬರೆಯುತ್ತಾರೆ ಎಂಬ ಯೋಚನೆ ಎರಡು ಸಲ ಬಂತು, ಎರಡು ಸಲವೂ ಅದನ್ನು ಆಚೆ ತಳ್ಳಿದೆ. ಎದ್ದು, ಬೆನ್ನು ತಿರುಗಿಸಿ, ಅಂಗೈ ಮೇಲೆ ಮೂವತ್ತು ಎಂದು ಬರೆದೆ. ಅಂಗೈಯಲ್ಲಿ ನೋಡಿಬಿಡಲಿ, ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ ಎಂದುಕೊಂಡೆ.

ಒಂದು, ಎರಡು, ಮೂರು.

ನನ್ನ ಕೈ ಬಿಚ್ಚಿ ಅವರ ಮುಖದ ಮುಂದೆ ಹಿಡಿದೆ, ತುಟಿ ಪಿಟಕ್ಕೆನ್ನಲಿಲ್ಲ. ಭಾವನ ಮುಷ್ಟಿ ಮುಚ್ಚಿಯೇ ಇತ್ತು. ಅವರು ಕಾಯುತ್ತಿದ್ದರು. ನಾನು ಓದುವುದನ್ನು ಕಾಯುತ್ತಿದ್ದರು.

“ಎಷ್ಟು?” ಎಂದರು.

“ನಿಮ್ಮ ಮುಂದೇನೇ ಇದೆಯಲ್ಲ ಭಾವ.”

“ಬಿಸಿಲು ಕಣ್ಣಿಗೆ ಹೊಡೀತಿದೆ. ಓದು.”

ಆಕಾಶ ನೋಡಿದೆ. ಸೂರ್ಯನ ಸುಳಿವೇ ಇರಲಿಲ್ಲ. ನಾನು ಮೆಲ್ಲಗೆ ಅವರ ಮುಷ್ಟಿ ಹಿಡಿದು ಬೆರಳು ಬಿಡಿಸಿದೆ. ಅವರು ತಡೆಯಲಿಲ್ಲ. ಐವತ್ತೇಳು. ಶಾಯಿ ಬೆವರಿಗೆ ಹರಡಿ, ಮಡಿಕೆಗಳಲ್ಲಿ ಒಣಗಿಹೋಗಿತ್ತು.

“ಇದನ್ನ ಯಾವಾಗ ಬರೆದ್ರಿ?”

“ಟೀ ಕುಡಿಯೋಕೆ ಮುಂಚೆ.”

ಭಾವ ಅಲ್ಲೇ ಹುಲ್ಲಿನ ಮೇಲೆ ಕೂತರು. ನಾನೂ ಕೂತೆ. ಅವರೇ ಹೇಳಿದರು. “ಮೂರು ವರ್ಷ ಆಯ್ತು. ಅಂಚು ಕಾಣತ್ತೆ, ನಡುವಿಂದು ಕಾಣಲ್ಲ. ನಿನ್ನ ಕಡೆ ತಿರುಗಿದ್ರೆ ಎರಡು ಕಿವಿ ಕಾಣತ್ತೆ, ಮೂಗಿಲ್ಲ. ನಿನ್ನ ಮೂಗು ನೋಡದೆ ಇದ್ರೆ ನಷ್ಟ ಏನಿಲ್ಲ ಅಂತ ಸುಮ್ನಿದ್ದೆ.”

“ಅಕ್ಕಂಗೆ ಗೊತ್ತಾ?”

“ಗೊತ್ತಾದ್ರೆ ಮನೇಲಿ ಕೂರಿಸ್ತಿದ್ಲು. ಹೋದ ವರ್ಷದ ಅಂಕಿ ಎಲ್ಲ ಬಾಯಿಪಾಠ ಇದೆ. ಅದ್ರಲ್ಲಿ ಒಂದೆರಡು ಕಳೆದು ಬರೀತೀನಿ. ನೀನೂ ಅಷ್ಟೇ ಬರೀತಿದ್ದೆ. ಹಾಗಾಗಿ ಸರಿಯಾಗೇ ಇದೆ ಅಂದ್ಕೊಂಡೆ.”

“ಅದಕ್ಕೂ ಮುಂಚೆ? ಕಣ್ಣು ಚೆನ್ನಾಗಿದ್ದಾಗ?”

ಭಾವ ಒಂದು ಕಡ್ಡಿ ಕಿತ್ತು ಬೆರಳಲ್ಲಿ ಹೊರಳಿಸಿದರು. “ಆಗ ಕಾಣ್ತಿತ್ತು. ಆದ್ರೂ ಸರಿಯಾಗಿ ನೋಡ್ತಿರ್ಲಿಲ್ಲ. ನೀನು ಎಷ್ಟು ಬರೀತೀಯ ಅಂತ ಯೋಚಿಸ್ತಿದ್ದೆ. ನನ್ನ ಅಂಕಿ ಬೇರೆ ಬಂದ್ರೆ ನಿನ್ನ ಮುಖ ಬಾಡ್ತಿತ್ತು.”

“ನಾನೂ ನಿಮ್ಮನ್ನೇ ನೋಡಿ ಬರೀತಿದ್ದೆ ಭಾವ.”

ಅವರು ನಕ್ಕರು. ಆ ನಗು ನನಗೆ ಬೇಡವಾಗಿತ್ತು. ಆಮೇಲೆ ನಾನು ಎಲ್ಲ ಹೇಳಿದೆ. ಸೂಜಿಯ ಲೆಕ್ಕ, ಮೂವತ್ತನಾಲ್ಕು, ಇಪ್ಪತ್ತೊಂಬತ್ತು, ಮಂಚದ ಮೇಲಿನ ಹನ್ನೊಂದು ಫೋಟೋ. ಅವರು ಕೈಯಿಂದ ಹುಲ್ಲು ಸವರುತ್ತಾ ಕೇಳಿಸಿಕೊಂಡರು.

“ನಲವತ್ತರ ಕೆಳಗೆ ಯಾವಾಗ ಇಳೀತು?”

“ಫೋಟೋ ನೋಡಿದ್ರೆ ಐದಾರು ವರ್ಷ ಆಗಿರ್ಬೇಕು.”

“ಹಾಗಾದ್ರೆ ಐದಾರು ವರ್ಷದ ಹಿಂದೇನೇ ತಂಡ ಬರ್ಬೇಕಿತ್ತು.”

ನಾನು ಹಾಳೆಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಅವರು, “ಬರಿ” ಎಂದರು.

“ಸನ್ಮಾನ ಮಾಡ್ತಾರಂತೆ ಭಾವ. ಪುಸ್ತಕದಲ್ಲಿ ನಿಮ್ಮ ಹೆಸರು ಹಾಕ್ತಾರಂತೆ. ಅಕ್ಕ ಹೊಸ ಷರ್ಟು ಹೊಲಿಸಿದಾಳೆ.”

“ಷರ್ಟು ಮನೇಲಿ ಹಾಕ್ಕೊತೀನಿ. ನೀನು ಬರಿ.” ಆಮೇಲೆ ದನಿ ತಗ್ಗಿಸಿ, “ಮುಂದಿನ ವರ್ಷ ನಿನ್ನೂ ಕರೀದೆ ಇರಬಹುದು” ಎಂದರು.

“ಕರೀದಿದ್ರೆ ಅಕ್ಕನ ಮನೆ ಇದೆ. ಇಬ್ರೂ ಒಟ್ಟಿಗೆ ಬೈಸ್ಕೊಂಡು ಇರೋಣ.”

ಹಾಳೆಯ ಕೆಳಗೆ ಷರಾ ಬರೆಯಲು ಎರಡು ಸಾಲಿನ ಜಾಗವಿದೆ. ಎಷ್ಟೋ ವರ್ಷ ಅಲ್ಲಿ ‘ಏನಿಲ್ಲ’ ಎಂದು ಬರೆದಿದ್ದೆ. ಭಾವ ಹೇಳಿದರು, ನಾನು ಬರೆದುಕೊಂಡೆ. ‘ಈ ಇಳಿಜಾರಿನ ಹಿಂದಿನ ವರ್ಷಗಳ ಅಂಕಿಗಳನ್ನು ನಂಬಬಾರದು. ನೋಡಬೇಕಾದವರು ನೋಡಿಲ್ಲ. ತಂಡವನ್ನು ಬೇಗ ಕಳಿಸಿ.’ ಅವರ ಬೆರಳನ್ನು ಹಿಡಿದು ಸಹಿಯ ಗೆರೆಯ ಮೇಲೆ ಇಟ್ಟೆ. ಸಹಿ ನೆಟ್ಟಗೇ ಬಂತು.

ಎದ್ದು ಹೊರಡುತ್ತೇವೆ ಎಂದುಕೊಂಡಿದ್ದೆ. ಭಾವ ಏಳಲಿಲ್ಲ. “ಆ ಹೊಲಿಗೆ ಮಿಷನ್ನು ತಗೊಂಡು ಬಾ” ಎಂದರು. “ಇನ್ನೂ ಹದಿನಾಲ್ಕು ಚೌಕ ಇದೆ. ಒಂದೆರಡರ ಲೆಕ್ಕ ಯಾರೂ ನಂಬಲ್ಲ, ಎಲ್ಲ ಮಾಡೋಣ, ಮೊದಲಿನ ಎಂಟಕ್ಕೆ ಆಮೇಲೆ ವಾಪಸ್ ಬರೋಣ. ಸೂಜಿ ನೀನು ಬಿಡು. ಮುಟ್ಟೋದು ನಾನು ಮುಟ್ತೀನಿ.”

ಪಟ್ಟಿ ನಿಲ್ಲಿಸಿ ಸೂಜಿ ಇಳಿಬಿಟ್ಟೆ. ಭಾವನ ಬೆರಳು ಸೂಜಿಯ ಉದ್ದಕ್ಕೂ ಇಳಿದು, ತುದಿ ತಾಗಿದ ಕಡ್ಡಿ ಹುಡುಕಿ, ಗಿಣ್ಣಿನ ಮೇಲೆ ನಿಂತು ಒಮ್ಮೆ ಹೊರಳಿತು. “ನಮ್ದಲ್ಲ” ಎಂದರು. ಗುರುತು ಹಾಕಿದೆ. ಮತ್ತೆ ಬಿಟ್ಟೆ. “ನಮ್ದಲ್ಲ.” ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ, ತಪ್ಪಿರಲಿಲ್ಲ. ಆ ಬೆರಳುಗಳು ಒಂದು ಸಲವೂ ತಪ್ಪಲಿಲ್ಲ. ನಾನು ಭೂತಗನ್ನಡಿ ಜೇಬಿಗೆ ಹಾಕಿಕೊಂಡೆ. “ನಮ್ದಲ್ಲ. ನಮ್ದಲ್ಲ. ಮಣ್ಣು. ನಮ್ದು.” ನಮ್ದು ಎನ್ನುವಾಗ ಅವರ ಬೆರಳು ಆ ಗಿಣ್ಣನ್ನು ಬಿಡಲು ಸ್ವಲ್ಪ ತಡಮಾಡುತ್ತಿತ್ತು. ನಾನು ಅವಸರ ಮಾಡಲಿಲ್ಲ. ಸೊಂಟ ಬಿದ್ದುಹೋಗುವಂತಿತ್ತು, ಮಂಡಿ ಮರಗಟ್ಟಿತ್ತು, ಇನ್ನೂ ಹದಿಮೂರು ಚೌಕ ಬಾಕಿ ಇದ್ದವು.

ನೂರನೆಯ ಸೂಜಿ ಮುಗಿದಾಗ ಭಾವ ಕೈ ಒರೆಸಿಕೊಂಡರು. ಅಂಗೈಯ ಐವತ್ತೇಳು ಹೋಗಿರಲಿಲ್ಲ.

“ಎಷ್ಟಾಯ್ತು?”

“ಮೂವತ್ತೊಂದು.”

ಅವರು ಇಳಿಜಾರಿನ ಕಡೆ ಮುಖ ಮಾಡಿದರು. ಅವರಿಗೆ ಅದರ ಅಂಚು ಮಾತ್ರ ಕಾಣುತ್ತಿದ್ದಿರಬೇಕು.

“ಇಷ್ಟು ಕಮ್ಮಿ ಆಗೋವರ್ಗೂ ನಾವಿಬ್ರೂ ಇಲ್ಲೇ ಇದ್ವಲ್ಲೇ” ಎಂದರು.

ನಾನು ಮೂವತ್ತೊಂದು ಎಂದು ಬರೆದುಕೊಂಡು, ಅವರ ಕೈ ಹಿಡಿದು ಎಬ್ಬಿಸಿ, ಮುಂದಿನ ಗೂಟದ ಕಡೆ ನಡೆಸಿಕೊಂಡು ಹೋದೆ.